ತವರಿನ ಬದನಿ ಬೀಜ

ಬ್ಯಾರೇರ ಮನ್ಯಾಗ ಬೀಜ ಹಾಕಿದ್ರ ಸಸಿ ಬರತಾವ, ನಮ್ಮನ್ಯಾಗ ಏನಾರ ಒಂದು ಫಜೀತಿ ಬರತೈತಿ. ಎಂಬತ್ತರ ದಶಕದ ಮಾತು. ದುಮ್ಮವಾಡದಿಂದ ಗುಡಗೇರಿಗೆ ಸೊಸಿಯಾಗಿ ಬರೂವಾಗ ನಮ್ಮವ್ವ ಹಸರ ಬದನಿ ಬೀಜ ಅರಿವ್ಯಾಗ ಗಂಟ ಕಟ್ಟಿ ಕೊಟ್ಟಿದ್ಳು. "ನಮ್ಮ ಹಿತ್ತಲದಾಗ ಒಂದೂ ಗಿಡ ಉಳದಿಲ್ಲವ್ವಾ, ಇವಷ್ಟ ಬೀಜ. ತಳಿ ಕೆಡಸಬ್ಯಾಡ" ಅಂದಿದ್ಳು. ಹೊರಗ ಹಾಕಿದ್ರ ಓಣಿ ಕೋಳಿ ಕೆದರತಾವಂತ ಮನಿ ಒಳಗ ಸಸಿ ಎಬ್ಬಸಾಕ ಹೊಂಟೆ.

ಎರಿ ಮಣ್ಣು

ಹೊಲದ ಕರಿ ಎರಿ ಮಣ್ಣಂದ್ರ ಬಂಗಾರ ಅಂತ ಅತ್ತಿ ದಿನಾ ಹೇಳತಿದ್ರು. ಅದನ್ನ ಹಳೇ ಎಣ್ಣಿ ಡಬ್ಬ್ಯಾಗ ತುಂಬಿ, ಅರ್ಧ ಬೀಜ ಹಾಕಿ, ನೀರ ಬಿಟ್ಟೆ. ಮೊದಲ ರಾಡಿ ಆತು, ಆಮ್ಯಾಲೆ ಒಣಗಿ ಕಲ್ಲಾತು. ಒಂದ ಬೀಜಾನೂ ತಲಿ ಎತ್ತಲಿಲ್ಲ. ನಮ್ಮ ಮನಿಯವರು ಬೆರಳಿಂದ ಟಕಟಕ ಬಡದು ನೋಡಿ, "ಬದನಿಕಾಯಿ ಇರ್ಲಿ ಬಿಡು. ಇಂಥಾವ ಇನ್ನೊಂದ ನಾಕ ಮಾಡು, ಹಿತ್ತಲ ಗೋಡಿ ಬಿದ್ದೈತಿ" ಅಂದ್ರು.

ತಿಪ್ಪಿ ಗೊಬ್ಬರ

ಬಿಗಿ ಮಣ್ಣಿನ ಸಹವಾಸ ಸಾಕಂತ ಇನ್ನೊಂದ ಡಬ್ಬ್ಯಾಗ ಬರೇ ತಿಪ್ಪಿ ಗೊಬ್ಬರ ತುಂಬಿ, ಉಳದದ್ರಾಗ ಅರ್ಧ ಬೀಜ ಹಾಕಿದೆ. ಮೂರ ವಾರದಾಗ ಅಗದಿ ದಟ್ಟ ಹಸರು! ಓಣಿ ಹೆಣ್ಣಮಕ್ಕಳನ್ನ ಕರಕರದು ತೋರಿಸಿದೆ. ಅತ್ತಿ ಒಂದ ಎಲಿ ಚಿವುಟಿ, ಮೂಸಿ ನೋಡಿ, ಒಳಗ ಹೋದ್ರು. ಮಧ್ಯಾಹ್ನ ರೊಟ್ಟಿ ಜೋಡಿ ಬಿಸಿ ಪಲ್ಯ ಬಂತು.

"ಏನ್ ಪಲ್ಯಾರಿ ಅತ್ತಿ ಇದು?"

"ನಿಮ್ಮ ತವರಿನ ಬದನಿ. ನಮ್ಮ ಊರಾಗ ಇದಕ್ಕ ರಾಜಗಿರಿ ಅಂತೀವಿ."

ಹಸಿ ಗೊಬ್ಬರದ ಕಾವಿಗೆ ನನ್ನ ಬೀಜ ಸುಟ್ಟು, ಗೊಬ್ಬರದಾಗಿದ್ದ ರಾಜಗಿರಿ ಸೊಪ್ಪಿನ ಬೀಜ ಎದ್ದಿದ್ವು! ನಮ್ಮ ಮನಿಯವರು ಎರಡನೇ ಸಲ ಪಲ್ಯ ಹಾಕಿಸಿಕೊಂಡ್ರು.

ಅಮಾಸಿ ದಿನ

ಉಳದದ್ದು ಒಂದ ಚೂರು ಬೀಜ. ಇವೂ ಹೋದ್ರ ಅವ್ವಗ ಏನ್ ಮಾರಿ ತೋರಸ್ಲಿ? ಎರಿ ಮಣ್ಣು, ಉಸುಕು, ಹಳೇ ಗೊಬ್ಬರ ಬೆರಸಿ ಬುಟ್ಟಿಗೆ ತುಂಬಿ, ಬೀಜ ಹಾಕಿ, ನೀರ ಚಿಮುಕಿಸಿ, ಬೀಜ ಹಾಕಿದ್ದು ಈ ಸಲ ಯಾರಿಗೂ ಹೇಳದ, ಪಡಸಾಲ್ಯಾಗ ಇಟ್ಟು ಒಂದ ಲಗ್ನಕ್ಕ ಹೋದೆ.

ತಿರಗಿ ಬಂದ ದಿನ ಮಣ್ಣೆತ್ತಿನ ಅಮಾಸಿ. ಬುಟ್ಟಿ ಖಾಲಿ! ದೇವರ ಜಗಲಿ ಮ್ಯಾಲೆ ಎರಡ ಮಣ್ಣೆತ್ತು, ಕೊಳ್ಳಾಗ ಹೂವಿನ ಮಾಲಿ.

"ಹಸಿ ಮಣ್ಣು ಮನ್ಯಾಗ ಇತ್ತಲ್ಲ, ಹೊಲಕ್ಕ ಯಾಕ ಹೋಗೂದಂತ ಅದರಾಗ ಎತ್ತು ಮಾಡಿದೆ" ಅಂದ್ರು ಅತ್ತಿ. "ಉಸುಕ ಭಾಳ ಆಗೈತಿ ನೋಡು, ಕೋಡ ನಿಲ್ಲವಲ್ಲವು."

ನಾನು ಗೊಳೋ ಅಂತ ಅಳಾಕತ್ತೆ. ಸಂಗತಿ ತಿಳದು ಅತ್ತಿ ಮಾರಿ ಸಣ್ಣದಾತು. ಪೂಜಿ ಮುಗದ ಮ್ಯಾಲೆ ಎತ್ತು ಬಾವಿಗೆ ಬಿಡೂದು ಪದ್ಧತಿ. ಮರುದಿನ ನಮ್ಮ ಮನಿಯವರು ಎತ್ತಾಕ ಹೋದ್ರ ಅತ್ತಿ ಬಾಗಲಕ್ಕ ಅಡ್ಡ ನಿಂತು, "ಲೇ, ಈ ಎತ್ತು ಎಲ್ಲಿಗೂ ಹೋಗಂಗಿಲ್ಲ" ಅಂದ್ರು. ದಿನಾ ಅವುಕ್ಕ ತಾವ ನೀರ ಚಿಮುಕಿಸಿದ್ರು.

ಒಂದ ಮುಂಜಾನೆ ನೋಡತೀನಿ, ಎತ್ತಿನ ಬೆನ್ನ ಮ್ಯಾಲೆ, ಕೋಡಿನ ಬುಡಕ, ಬದನಿ ಮೊಳಕಿ! ಖುಷಿ ತಡೀಲಾರದ ಅತ್ತೀನ ತಬ್ಬಿಕೊಂಡಬಿಟ್ಟೆ. ಬಾಜು ಮನಿ ಆಯಿ ಓಡಿ ಬಂದು, "ಏನಬೇ ಇದು ಪವಾಡ!" ಅಂತ ಎತ್ತಿಗೆ ಕೈ ಮುಗದಳು.

ಅತ್ತಿ ನಗಲಿಲ್ಲ, ಏನಿಲ್ಲ. "ಪವಾಡ ಎಲ್ಲೀದು ತಗೀಬೇ. ಸೊಸಿ ಲಗ್ನಕ್ಕ ಹೋಗಿದ್ಳು, ಹೊಟ್ಟು ಹಾಕವರು ಯಾರೂ ಇರಲಿಲ್ಲ. ತಮ್ಮ ಮೇವ ತಾವ ಬೆಳಕೊಂಡಾವ!"