ಹೊಗೆ ಒಳಗೆ ಹೋದ ಬಗೆ

ನಾನು ಸಿಗರೇಟು ಕಲಿತದ್ದು ಚಿಂತೆಯಿಂದಲ್ಲ. ಹೆಂಡತಿಗೆ ಹಾಗೆಂದು ಹೇಳಿದ್ದು ಶುದ್ಧ ಸುಳ್ಳು. ಹದಿನೆಂಟನೆಯ ವಯಸ್ಸಿನಲ್ಲಿ ಅಂಥ ಚಿಂತೆ ಎಲ್ಲಿಂದ ಬರಬೇಕು? ಆಗ ಇರುವುದು ಒಂದೇ ಕೊರತೆ: ನಾವು ಯಾರೆಂದು ಯಾರೂ ಕೇಳುವುದಿಲ್ಲ. ಹುನಗುಂದದಿಂದ ವಿದ್ಯಾಗಿರಿಯ ಕಾಲೇಜಿಗೆ ಬಂದು, ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ನನ್ನನ್ನು ಮೂರು ತಿಂಗಳು ಎಲ್ಲರೂ 'ಕಿಟಕಿ ಬಾಜೂಕಿನಂವ' ಎಂದೇ ಕರೆದರು.

ಹಾಸ್ಟೆಲಿನಲ್ಲಿ ನನ್ನ ಖೋಲಿಯಲ್ಲೇ ಇದ್ದ ಇಳಕಲ್ಲಿನ ಮಹಾಂತೇಶನ ಗತ್ತೇ ಬೇರೆ. ಚಹಾದಂಗಡಿಯ ಕಟ್ಟೆಯ ಮೇಲೆ ಅವನು ಸಿಗರೇಟು ಹಿಡಿದು ಸುಮ್ಮನೆ ಕೂತರೂ ಸಾಕು, ದೇಶದ ಭವಿಷ್ಯ ನಿರ್ಧರಿಸುತ್ತಿರುವಂತೆ ಕಾಣುತ್ತಿತ್ತು. ಎರಡು ವಿಷಯಗಳಲ್ಲಿ ನಪಾಸಾಗಿದ್ದರೂ ಎಲ್ಲರ ಬಾಯಲ್ಲಿ ಅವನು ವಿಚಾರವಂತ. ನಾನೂ ವಿಚಾರವಂತನಾಗಲು ನಿರ್ಧರಿಸಿದೆ.

ಮೊದಲ ದಮ್ಮಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ವಾಂತಿ. ಆದರೂ ಬಿಡಲಿಲ್ಲ. ಬೆರಳ ನಡುವೆ ಹಿಡಿಯುವುದು, ಬೂದಿ ಝಾಡಿಸುವುದು, ಮಾತು ಅರ್ಧಕ್ಕೇ ನಿಲ್ಲಿಸಿ ಹೊಗೆ ಬಿಡುವುದು ಎಲ್ಲವನ್ನೂ ಕನ್ನಡಿಯ ಮುಂದೆ ನಿಂತು ಕಲಿತೆ. ಒಂದು ದಿನ ಗುರುತಿಲ್ಲದ ಸೀನಿಯರ್ ಒಬ್ಬ ನೇರ ನನ್ನ ಬಳಿ ಬಂದು, "ದೋಸ್ತಾ, ಕಡ್ಡಿಪೆಟ್ಟಿಗಿ ಐತೇನಲೇ?" ಎಂದ. ಇಡೀ ಕಾಲೇಜಿನಲ್ಲಿ ನನ್ನನ್ನೇ ಕೇಳಿದ್ದ! ಪದವಿ ಪ್ರಮಾಣಪತ್ರ ಸಿಕ್ಕ ದಿನವೂ ನನಗೆ ಅಷ್ಟು ಹೆಮ್ಮೆಯಾಗಲಿಲ್ಲ.

ಅದಾಗಿ ಇಪ್ಪತ್ತು ವರ್ಷವಾಯಿತು. ಮೊನ್ನೆ ಮಹಾಂತೇಶನ ಜೊತೆ ಬಾದಾಮಿಯ ಗುಹೆಗಳನ್ನು ನೋಡಲು ಹೋಗಿದ್ದೆ. ಎರಡನೆಯ ಗುಹೆ ಮುಟ್ಟುವಷ್ಟರಲ್ಲಿ ನನ್ನ ಎದೆ ಹಳೆಯ ಪಂಪ್‌ಸೆಟ್ಟಿನಂತೆ ಸದ್ದು ಮಾಡತೊಡಗಿತು. ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೇ ಕುಸಿದು ಕೂತೆ. ಮೇಲೆ ಹೋಗಿದ್ದ ಮಹಾಂತೇಶ ಗಾಬರಿಯಿಂದ ಇಳಿದು ಬಂದು ನೀರು ಕುಡಿಸಿದ.

"ಇನ್ನೂ ಸೇದೂದು ಬಿಟ್ಟಿಲ್ಲೇನಲೇ?"

"ನೀ ಹೆಂಗ ಬಿಟ್ಟಿ ಹೇಳು," ಎಂದೆ ಏದುಸಿರು ಬಿಡುತ್ತಾ.

"ನಾ ಎಲ್ಲಿ ಸೇದಿದ್ನೋ? ಬಾಯಾಗ ಹೊಗಿ ತುಂಬ್ಕೊಂಡು ಹಂಗ ಹೊರಗ ಬಿಡ್ತಿದ್ದೆ. ಒಳಗ ತಗೊಂಡ್ರ ಭಾಳ ಕೆಮ್ಮು ಬರ್ತಿತ್ತು." ನನ್ನ ಮುಖ ನೋಡಿ ಅವನು ದಂಗಾದ. "ನೀ ಖರೇನ ಒಳಗ ಎಳಕೊಂಡ್ಯಾ?"

ಎಳೆದುಕೊಂಡಿದ್ದೆ, ಪ್ರತಿ ದಮ್ಮನ್ನೂ. ಅಷ್ಟು ಶ್ರದ್ಧೆ ಭೌತಶಾಸ್ತ್ರದಲ್ಲಿ ತೋರಿಸಿದ್ದರೆ ಇಷ್ಟೊತ್ತಿಗೆ ಎಲ್ಲಿರುತ್ತಿದ್ದೆನೋ!

"ನಾಳೆ ದವಾಖಾನಿಗೆ ಹೋಗೂಣು. ನಾನೂ ಬರ್ತೇನಿ," ಎಂದ ಮಹಾಂತೇಶ. ದನಿಯಲ್ಲಿ ನಗೆಯಿರಲಿಲ್ಲ. ನನಗೆ ವಿಪರೀತ ನಾಚಿಕೆಯಾಯಿತು. ನಾಚಿಕೆಯಾದಾಗ ಕೈಗೆ ಏನಾದರೂ ಕೆಲಸ ಬೇಕು ನೋಡಿ. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು.