ಊರು ತೋರಿಸಲು ಹೊರಟ ಗೇಜಪ್ಪ

ಬುಧವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಗೇಜಪ್ಪ ಪ್ರತಿಜ್ಞೆ ಮಾಡಿದ. "ನಾಳೆ ನನಗೆ ವಾರದ ರಜೆ. ಸಂಜೆಯೊಳಗೆ ಈ ಊರು ಅಂದ್ರೆ ಏನು ಅಂತ ನಿಮ್ಮಿಬ್ಬರಿಗೂ ತೋರಿಸ್ತೀನಿ. ತೋರಿಸದಿದ್ರೆ ನನ್ನ ಹೆಸರು ಬದಲಾಯಿಸಿ."

ಬದಲಾಯಿಸಲು ಹೆಸರೇ ಉಳಿದಿರಲಿಲ್ಲ. ಪಂಪಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಗೇಜು ಹಿಡಿದು ಶಾಫ್ಟುಗಳ ಅಳತೆ ನೋಡುತ್ತಿದ್ದವನ ನಿಜವಾದ ಹೆಸರನ್ನು ಜನ ಎಂದೋ ಮರೆತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವನು ಶಾಫ್ಟನ್ನು ಪಕ್ಕಕ್ಕೆಸೆಯುತ್ತಿದ್ದ. ಮನೆಯಲ್ಲೂ ಅದೇ ಕಥೆ. ಗೋಡೆಯ ಫೋಟೊ ಒಂದು ನೂಲು ವಾಲಿದ್ದರೆ ಅವನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಪ್ರತಿಜ್ಞೆಗೆ ಕಾರಣ ಒಂದು ಕಾಗದ. ರಾಜಧಾನಿಯ ಮುಖ್ಯ ಕಚೇರಿಗೆ ವರ್ಗ ಬೇಕೋ ಬೇಡವೋ ಎಂದು ಶುಕ್ರವಾರ ಬೆಳಿಗ್ಗೆಯೊಳಗೆ ಅವನು ಬರೆದುಕೊಡಬೇಕಿತ್ತು. ಗೇಜಪ್ಪನಿಗೆ ಹೋಗಲು ಎಳ್ಳಷ್ಟೂ ಮನಸ್ಸಿರಲಿಲ್ಲ. ಹೆಂಡತಿಗೆ ಇತ್ತು. ಅವಳ ತಮ್ಮ ರಾಜಧಾನಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ಅಕ್ಕನಿಗೊಂದು ಬಾಡಿಗೆ ಮನೆಯನ್ನೂ ನೋಡಿಟ್ಟು, ಭಾವನ ಬಾಯಿಂದ ಹೂಂ ಅನ್ನಿಸಿಯೇ ಹೋಗುತ್ತೇನೆಂದು ಬಂದು ಕೂತಿದ್ದ.

"ಭಾವ, ಈ ಊರಲ್ಲಿ ಚಿಮಣಿ ಬಿಟ್ರೆ ತಲೆ ಎತ್ತಿ ನೋಡೋ ಅಂಥದ್ದು ಏನಿದೆ?" ಎಂದ.

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಿನ್ನ ಮಾತು."

"ಇವರು ಆ ಹಿತ್ತಲಿಗೆ ಕಾಲಿಟ್ಟು ಎಷ್ಟು ವರ್ಷ ಆಯ್ತು ಕೇಳು" ಎಂದಳು ಹೆಂಡತಿ. "ಎಲ್ಲಿಗಾದ್ರೂ ಹೋಗೋಣ ಅಂದ್ರೆ, ನಾನಿಲ್ಲದಿದ್ರೆ ಕಾರ್ಖಾನೆ ಲೈನ್ ನಿಂತುಹೋಗುತ್ತೆ ಅಂತಾರೆ. ವಾರದ ರಜೆ ದಿನ ಕೇಳಿದ್ರೆ, ನಾಳೆ ಲೈನ್ ನಡೆಸಬೇಕು, ಮಲಗ್ತೀನಿ ಅಂತಾರೆ. ಆಗಲಿ, ನಾಳೆ ತೋರಿಸಿ. ನನಗೆ ಇಲ್ಲೇ ಇರೋಣ ಅನ್ನಿಸಿದ್ರೆ ಇರೋಣ. ಇಲ್ಲದಿದ್ರೆ ಆ ಕಾಗದಕ್ಕೆ ಸಹಿ ಹಾಕಿ."

ಗೇಜಪ್ಪ ಪಾಳಿಯ ಬಿಡುವಿನಲ್ಲಿ ಕೂತು ಪಟ್ಟಿ ಬರೆದ. ಕಾರ್ಖಾನೆಯ ತಪಾಸಣಾ ಪಟ್ಟಿಯ ಮಾದರಿಯೇ: ಕ್ರಮಸಂಖ್ಯೆ, ಸ್ಥಳ, ತಲುಪುವ ಹೊತ್ತು, ಐದು ನಿಮಿಷ ಹಿಂದುಮುಂದು, ಕೊನೆಯಲ್ಲಿ 'ಸರಿ' ಅಥವಾ 'ತಿರಸ್ಕೃತ'. ಮೊದಲು ಉದ್ಯಾನದ ಕಾರಂಜಿ, ಆಮೇಲೆ ಕೆರೆಯಲ್ಲಿ ದೋಣಿ ವಿಹಾರ, ಮಧ್ಯಾಹ್ನದ ಮೇಲೆ ಗುಡ್ಡದ ತುದಿ. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟಾಗ ಅವನಿಗೆ ಯುದ್ಧ ಗೆದ್ದಷ್ಟೇ ಸಮಾಧಾನವಾಯಿತು.

ಗುರುವಾರ ಹತ್ತು ಗಂಟೆಗೆ ಸರಿಯಾಗಿ ಮೂವರೂ ಉದ್ಯಾನದಲ್ಲಿದ್ದರು. ಕಾರಂಜಿಯೂ ಇತ್ತು, ನೀರಿರಲಿಲ್ಲ. ತೊಟ್ಟಿಯ ತುಂಬ ಸಿಮೆಂಟಿನ ಕೊಳವೆ ಪೇರಿಸಿದ್ದರು. 'ಅಭಿವೃದ್ಧಿ ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಫಲಕಕ್ಕೆ ಒಂದು ಬಳ್ಳಿ ಹಬ್ಬಿ, 'ಪ್ರಗತಿ'ಯನ್ನು ಪೂರ್ತಿ ಮುಚ್ಚಿತ್ತು.

"ನಿನ್ನೆ ಮೊನ್ನೆ ನಿಲ್ಲಿಸಿರಬೇಕು" ಎಂದ ಗೇಜಪ್ಪ.

"ಎರಡು ವರ್ಷ ಆಯ್ತು" ಎಂದಳು ಹೆಂಡತಿ.

"ಗೊತ್ತಿದ್ದೂ ಹೇಳಲಿಲ್ವಲ್ಲ ನೀನು!"

"ನೀವು ಕೇಳಲಿಲ್ವಲ್ಲ. ಪಟ್ಟಿ ನಿಮ್ಮದು."

ಕೆರೆಯ ದೋಣಿಗಳು ದಡದಲ್ಲಿ ಬೋರಲಾಗಿ ಬಿದ್ದಿದ್ದವು. ಒಂದರ ಕೆಳಗೆ ನಾಯಿಯೊಂದು ಮರಿ ಹಾಕಿ, ಹತ್ತಿರ ಬಂದವರಿಗೆಲ್ಲ ಗುರ್ ಎನ್ನುತ್ತಿತ್ತು. ಗೇಜಪ್ಪ ಆ ಸಾಲನ್ನೂ ತಿರಸ್ಕೃತ ಎಂದು ಬರೆಯಬೇಕಾಯಿತು. ಸುಳ್ಳು ಬರೆಯುವುದು ಅವನ ಕೈಗೆ ಬರುತ್ತಿರಲಿಲ್ಲ.

ಕಲ್ಲುಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದರು. ತುತ್ತಿಗಿಂತ ಮೊದಲು ವಾದ ಶುರುವಾಯಿತು.

"ಈ ಕೆರೆ ಸುತ್ತ ಮೇಲ್ಸೇತುವೆ ಹಾಕಿ, ಆ ಕಡೆ ನಾಲ್ಕು ಅಂತಸ್ತಿನ ಮಾಲ್ ಕಟ್ಟಿದ್ರೆ ಊರು ಎಲ್ಲಿಗೋ ಹೋಗುತ್ತೆ ಭಾವ" ಎಂದ ಭಾವಮೈದುನ.

"ಊರು ಎಲ್ಲಿಗೂ ಹೋಗೋದು ಬೇಡಪ್ಪ, ಇಲ್ಲೇ ಇರಲಿ. ಇನ್ನೆರಡು ಕಾರ್ಖಾನೆ ಬಂದ್ರೆ ಸಾಕು. ದುಡಿಯೋ ಊರಿಗೆ ಸೊಗಸು ಯಾಕೆ?"

"ದುಡಿದವರು ಸಂಜೆ ಎಲ್ಲಿಗೆ ಹೋಗ್ಬೇಕು?"

"ಮನೆಗೆ."

"ಇಬ್ಬರೂ ಸ್ವಲ್ಪ ಕಾಲು ಎತ್ತಿ" ಎಂದು ಹೆಂಡತಿ ಕೆಳಗೆ ಬಿದ್ದ ಅಗುಳುಗಳನ್ನು ಕಾಗದಕ್ಕೆ ಬಳಿದುಕೊಂಡಳು. "ನನಗೆ ಮಾಲೂ ಬೇಡ, ಮೇಲ್ಸೇತುವೆಯೂ ಬೇಡ. ಬಸ್ ನಿಲ್ದಾಣದಿಂದ ಇಲ್ಲಿವರೆಗೆ ಎಡವದೆ ನಡೆಯೋಕೆ ಒಂದು ಫುಟ್‌ಪಾತು, ಬಂದವರಿಗೆ ಒಂದು ಶುಚಿಯಾದ ಶೌಚಾಲಯ. ಇಷ್ಟು ಮಾಡಿ, ಆಮೇಲೆ ಊರನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ."

ಗಂಡಸರಿಬ್ಬರೂ ಅಗಿಯುವುದರಲ್ಲಿ ಮಗ್ನರಾದರು.

ಪಟ್ಟಿಯಲ್ಲಿ ಉಳಿದಿದ್ದು ಗುಡ್ಡ ಒಂದೇ. ಗುಡ್ಡವನ್ನು ಯಾವ ಅಭಿವೃದ್ಧಿಯೂ ಅಲ್ಲಾಡಿಸಿರಲಾರದು ಎಂಬ ಧೈರ್ಯದಲ್ಲಿ ಗೇಜಪ್ಪ ಇಬ್ಬರನ್ನೂ ಕೆರೆಯ ಗೇಟಿನ ಬಳಿಯ ನಿಲ್ದಾಣಕ್ಕೆ ಕರೆದುಕೊಂಡು ಬಂದ. ಒಂದು ಗಂಟೆ ಹತ್ತು ನಿಮಿಷಕ್ಕೆ ನೀಲಿ ಬಸ್ಸು ಬಂದು ನಿಂತಿತು. ಅವನು ಬೋರ್ಡು ನೋಡಲಿಲ್ಲ. ಹತ್ತಿದ, ಎಡಗಡೆಯ ಮೂರನೇ ಸೀಟಿನಲ್ಲಿ ಕೂತ, ಕಿಟಕಿಯ ಸರಳಿಗೆ ತಲೆ ಕೊಟ್ಟ, ನಿದ್ದೆ ಹೋದ. ದಾರಿ ತೋರಿಸುವವನೇ ಹತ್ತಿದ ಮೇಲೆ ಕೇಳುವುದೇನು ಎಂದು ಹೆಂಡತಿ, ಭಾವಮೈದುನ ಹಿಂದಿನ ಸೀಟು ಹಿಡಿದರು. ಯಾರೂ ಟಿಕೆಟ್ ಕೇಳಲಿಲ್ಲ. ಊರು ಪರವಾಗಿಲ್ಲ ಎಂದು ಭಾವಮೈದುನನಿಗೆ ಮೊದಲ ಸಲ ಅನ್ನಿಸಿತು.

ಅದು ಎರಡನೇ ಪಾಳಿಯವರನ್ನು ಕರೆದೊಯ್ಯುವ ಕಾರ್ಖಾನೆಯ ಬಸ್ಸು. ಅದೇ ಹೊತ್ತಿಗೆ, ಅದೇ ನಿಲ್ದಾಣದಲ್ಲಿ, ಅದೇ ಸೀಟಿಗೆ ಹದಿನೆಂಟು ವರ್ಷ ಹೋದ ಕಾಲುಗಳು ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ಬಸ್ಸಿನಲ್ಲಿದ್ದವರು, ಮನೆಯವರಿಗೆ ಕಾರ್ಖಾನೆ ತೋರಿಸಲು ಕರೆತಂದಿದ್ದಾನೆ ಎಂದುಕೊಂಡು ಸುಮ್ಮನಾದರು. ಗೇಜಪ್ಪನಿಗೆ ಎಚ್ಚರವಾಗಿದ್ದು ಕಾರ್ಖಾನೆಯ ಗೇಟಿನ ಒಳಗೆ.

"ಇದೇನಾ ರೀ ಗುಡ್ಡ?" ಎಂದಳು ಹೆಂಡತಿ. ಎದುರಿಗೆ ಕಬ್ಬಿಣದ ಚೂರಿನ ರಾಶಿ ಇತ್ತು.

ಗೇಜಪ್ಪನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ವಾಪಸು ಬಸ್ಸು ಎರಡೂವರೆಗೆ. ಅಲ್ಲಿಯವರೆಗೆ ಬಿಸಿಲಲ್ಲಿ ಯಾಕೆ ನಿಲ್ಲುತ್ತೀರಿ ಎಂದು ಪಾಳಿಯ ಸೂಪರ್‌ವೈಸರ್ ಮೂರು ಹಳದಿ ಹೆಲ್ಮೆಟ್ ತರಿಸಿ, ತಾನೇ ಮುಂದೆ ನಡೆದ.

ಎರಕದ ಶೆಡ್ಡಿನಲ್ಲಿ ಆ ಹೊತ್ತಿಗೆ ಕುಲುಮೆ ಬಗ್ಗಿತು. ಕಾದು ನೀರಾದ ಕಬ್ಬಿಣ ಕೆಂಪಗೆ ಇಳಿದು ಅಚ್ಚುಗಳಿಗೆ ತುಂಬಿತು, ಕಿಡಿ ಸೂರಿನವರೆಗೆ ಹಾರಿತು. ಭಾವಮೈದುನ ಹೆಲ್ಮೆಟ್ ಹಿಂದಕ್ಕೆ ಸರಿಸಿ ತಲೆ ಎತ್ತಿ ನೋಡಿದ. "ಭಾವ, ಇದನ್ನ ಮೊದಲೇ ತೋರಿಸೋದಲ್ವಾ? ಇಂಥದ್ದು ನಾನು ನೋಡೇ ಇರಲಿಲ್ಲ" ಎಂದ. ಅವನ ಅಕ್ಕನ ಮುಖದ ಮೇಲೂ ಕೆಂಪು ಬೆಳಕು ಆಡುತ್ತಿತ್ತು. ಅವಳು ನಿಂತಲ್ಲಿಂದ ಕದಲಲಿಲ್ಲ. ಗೆದ್ದೆ ಎಂದುಕೊಂಡ ಗೇಜಪ್ಪ. ಜೇಬಿನ ಪಟ್ಟಿ ತೆಗೆದು, ಇಲ್ಲದ ನಾಲ್ಕನೇ ಸಾಲು ಸೇರಿಸಿ, 'ಸರಿ' ಎಂದು ಬರೆದ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಬನ್ನಿ, ನನ್ನ ಮೇಜು ನೋಡಿ. ಕಾರ್ಖಾನೆಯ ಪ್ರಾಣ ಇರೋದೇ ಅಲ್ಲಿ" ಎಂದು ಎದೆಯುಬ್ಬಿಸಿ ಕರೆದೊಯ್ದ.

ಮೇಜಿನ ಹಿಂದೆ ಗುರುವಾರದ ಬದಲಿ ಹುಡುಗಿ ಕೂತಿದ್ದಳು. ಎರಡು ವರ್ಷದ ಕೆಳಗೆ ಕೆಲಸಕ್ಕೆ ಸೇರಿದವಳು. ಗೇಜಪ್ಪನೇ ಅವಳಿಗೆ ಗೇಜು ಹಿಡಿಯುವುದು ಕಲಿಸಿದ್ದ. ಅವಳ ಕೈ ಆಡಿದಂತೆ ಶಾಫ್ಟುಗಳು ಒಂದರ ಹಿಂದೊಂದು ಸಾಗುತ್ತಿದ್ದವು.

"ಏನಮ್ಮ, ಇವರಿಲ್ಲದಿದ್ರೆ ಲೈನ್ ನಿಂತುಹೋಗುತ್ತಂತಲ್ಲ?" ಎಂದು ಹೆಂಡತಿ ಕೇಳಿದಳು.

"ಇಲ್ಲಮ್ಮ, ನಿಲ್ಲಲ್ಲ" ಎಂದಳು ಅವಳು ಸಹಜವಾಗಿ. "ಬೇರೆ ದಿನ ಇನ್ನೂರು ಶಾಫ್ಟ್ ಹೋಗುತ್ತೆ, ಗುರುವಾರ ಇನ್ನೂರೈವತ್ತು. ಸರ್ ಒಂದೊಂದನ್ನೂ ಎರಡೆರಡು ಸಲ ಅಳೀತಾರೆ. ನಾನು ಒಂದೇ ಸಲ."

"ಎರಡನೇ ಸಲ ಅಳೆದಾಗ ಅಳತೆ ಬೇರೆ ಬರುತ್ತಾ?"

"ಇಲ್ಲಿವರೆಗೆ ಬಂದಿಲ್ಲ."

ಸೂಪರ್‌ವೈಸರ್ ಬೇರೆ ಕಡೆ ನೋಡಿದ. ಭಾವಮೈದುನ ಹೆಲ್ಮೆಟ್ ಸರಿಮಾಡಿಕೊಂಡ. ಹದಿನೆಂಟು ವರ್ಷ ತಲೆಯ ಮೇಲೆ ಹೊತ್ತಿದ್ದೇನೆ ಎಂದು ಗೇಜಪ್ಪ ಅಂದುಕೊಂಡಿದ್ದ ಕಾರ್ಖಾನೆ ತನ್ನ ಪಾಡಿಗೆ ತಾನು ನೆಲದ ಮೇಲೆ ನಿಂತಿತ್ತು.

ಹೊರಗೆ ಬಂದ ಮೇಲೆ ಹೆಂಡತಿ ಹೆಲ್ಮೆಟ್ ತೆಗೆದು ಅವನ ಕೈಗಿಟ್ಟಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ನನಗೆ ಕೋಪ ಬಂದಿದೆ" ಎಂದಳು. "ಸಮಾಧಾನವೂ ಆಗಿದೆ. ಯಾವುದು ಹೆಚ್ಚು ಅಂತ ಗೊತ್ತಾಗ್ತಿಲ್ಲ. ರಾಜಧಾನಿಗೆ ಹೋಗೋಣ ಅಂದಿದ್ದು ಮಾಲ್ ನೋಡೋಕಲ್ಲ ರೀ. ಅಲ್ಲಾದ್ರೂ ನಿಮ್ಮ ಕೆಲಸ ಇನ್ನೊಬ್ಬರು ನೋಡ್ಕೋತಾರೇನೋ, ನನ್ನ ಜೊತೆ ನಾಲ್ಕು ದಿನ ಇರ್ತೀರೇನೋ ಅಂತ. ಆ ಇನ್ನೊಬ್ಬರು ಇಲ್ಲೇ ಇದ್ದಾರಲ್ಲ. ಬರೆದುಕೊಡಿ, ವರ್ಗ ಬೇಡ ಅಂತ."

"ಹಾಗಾದ್ರೆ ಇಲ್ಲೇ ಇರ್ತೀವಾ?"

"ಇಲ್ಲೇ. ಆದ್ರೆ ನೀವು ಕಾರ್ಖಾನೆಯಲ್ಲಲ್ಲ, ಊರಲ್ಲಿ."

ಬಾಡಿಗೆ ಮನೆಯ ಮಾತು ಎತ್ತಲು ಬಾಯಿ ತೆರೆದ ತಮ್ಮ ಅಕ್ಕನ ಮುಖ ನೋಡಿ ಮತ್ತೆ ಮುಚ್ಚಿದ.

ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಅವಳು ಗಂಡನನ್ನು ಗೇಟಿನ ಪಕ್ಕದ ಹಾಜರಿ ಕಚೇರಿಗೆ ನಡೆಸಿಕೊಂಡು ಹೋಗಿ, ಇವರ ರಜೆ ಎಷ್ಟು ಉಳಿದಿದೆ ಎಂದು ಗುಮಾಸ್ತನನ್ನು ಕೇಳಿದಳು. ಅವನು ಕಡತ ತಿರುವಿ, ನೂರಹನ್ನೆರಡು ದಿನ ಎಂದ. ಅವಳು ಒಂದು ಅರ್ಜಿ ಕೇಳಿ ಪಡೆದು, ಹದಿನೈದು ದಿನ ಎಂದು ತಾನೇ ತುಂಬಿ, ಸಹಿಯ ಜಾಗವನ್ನು ಮಾತ್ರ ಗಂಡನಿಗೆ ಬಿಟ್ಟಳು. ಗೇಜಪ್ಪ ಒಂದೇ ಸಲಕ್ಕೆ, ಓದದೆ, ಸಹಿ ಹಾಕಿದ.

ಗುಮಾಸ್ತ ಕನ್ನಡಕ ಏರಿಸಿ ಓದಿದ. "ಕಾರಣ: ಊರು ನೋಡುವುದು. ಯಾವ ಊರಮ್ಮ?"

"ಇದೇ ಊರು."

"ಈ ಊರಿಗೆ ಹದಿನೈದು ದಿನ ಯಾಕಮ್ಮ? ಒಂದು ದಿನ ಸಾಕಲ್ವಾ?"

"ನನಗಾದ್ರೆ ಸಾಕಪ್ಪ" ಎಂದಳು. "ಇವರು ಊರಿಗೆ ಹೊಸಬರು."