ಟೈಗರನ ಸೊಂಟ

ಸರ್ವೋತ್ತಮ ಭಾವ ಮಿಲಿಟರಿಯಿಂದ ನಿವೃತ್ತರಾಗಿ ಕಾರ್ಕಳಕ್ಕೆ ಬಂದದ್ದೇ ದೇವದಾಸನ ಗ್ರಹಚಾರಕ್ಕೆ ಮೂಲ. ದೇವದಾಸ ಕಾಪುವಿನ ಬಲೆ ಅಂಗಡಿಯಲ್ಲಿ ಗುಮಾಸ್ತ. ಭಾವ ಅವನ ಹೆಂಡತಿ ಕುಶಲಾಳ ಅಣ್ಣ. ಹಿಂದೆ ರಜೆಯಲ್ಲಿ ಬಂದಿದ್ದಾಗ ಅವರು ಅಲ್ಸೇಶಿಯನ್ ಮರಿಯೊಂದನ್ನು ತಂದು, "ನಾನು ಊರಿಗೆ ಬರುವ ತನಕ ನೋಡಿಕೊ" ಎಂದು ಬಿಟ್ಟು ಹೋಗಿದ್ದರು. ಮರಿ ಈಗ ಕರುವಿನಷ್ಟಾಗಿತ್ತು. ಸಂಜೆ ದೇವದಾಸನ ಚಪ್ಪಲಿಯ ಸದ್ದು ಕೇಳಿ ಎದ್ದು ನಿಲ್ಲುವ ಜೀವ ಆ ಮನೆಯಲ್ಲಿ ಟೈಗರ್ ಒಂದೇ.

ಭಾವನಿಗೆ ಈಗ ಮರಿ ಮಾಡಿಸಿ ಮಾರುವ ಹುಚ್ಚು ಹಿಡಿದಿತ್ತು.

"ಈ ಜಾತಿಗೆ ಸೊಂಟದ ಕೀಲು ಸಡಿಲ ಇರ್ತದಂತೆ, ಮರಿಗಳಿಗೂ ಬರ್ತದಂತೆ. ಎಕ್ಸ್‌ರೇ ತೆಗೆಸುವ. ಗಟ್ಟಿ ಉಂಟಾದರೆ ಕೊಂಡುಹೋಗ್ತೇನೆ. ಸಡಿಲ ಆದರೆ ನೀನೇ ಇಟ್ಟುಕೊ."

ಮನೆಯವರೊಬ್ಬರ ಕಾಲು ಸರಿಯಿಲ್ಲದಿರಲಿ ಎಂದು ದೇವದಾಸ ದೇವರಲ್ಲಿ ಬೇಡಿಕೊಂಡದ್ದು ಅದೇ ಮೊದಲು.

ಪಶುವೈದ್ಯ ಪ್ಯಾಟ್ರಿಕ್ ಉಡುಪಿಯ ಒಂದು ಎಕ್ಸ್‌ರೇ ಕೋಣೆಯಲ್ಲಿ, ಮನುಷ್ಯರು ಬಾರದ ಭಾನುವಾರ ನೋಡಿ ಏರ್ಪಾಡು ಮಾಡಿದ್ದರು. ಮೆಷಿನ್ ನಡೆಸುವ ಬೇಬಿ ಬಾಗಿಲಲ್ಲೇ ನಿಂತು ಕೇಳಿದಳು:

"ಇದು ಕಚ್ಚುವುದಿಲ್ಲ ಅಲ್ವಾ?"

"ಇಲ್ಲಮ್ಮ, ಪಾಪದ್ದು" ಎಂದ ದೇವದಾಸ.

"ಹಾಗಾದರೆ ನೀವೇ ಹಿಡ್ಕೊಳ್ಳಿ."

ಸೀಸದ ಏಪ್ರನ್ ಹಾಕಿಕೊಂಡು ಒದ್ದೆ ಗೋಣಿ ಹೊತ್ತ ಹಮಾಲರಂತೆ ಬಗ್ಗಿದ ಇಬ್ಬರೂ ಟೈಗರನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರು. ಮುಂಗಾಲು ಭಾವ ಹಿಡಿದರು, ಹಿಂಗಾಲು ದೇವದಾಸ ಎಳೆದ. ನಾಯಿ ಅವನನ್ನೇ ನೋಡುತ್ತಿತ್ತು.

ಪ್ಲೇಟು ಬಂತು. "ಕೀಲು ಒಳ್ಳೆ ಗಟ್ಟಿ ಕೂತಿದೆ" ಎಂದರು ಡಾಕ್ಟರು. "ಆದರೆ ಇದೊಂದನ್ನೇ ನಂಬುವ ಹಾಗಿಲ್ಲ. ಕಾಲನ್ನು ನೇರ ಎಳೆದರೆ ಮೂಳೆಯ ತಲೆ ಗುಳಿಯೊಳಗೆ ಒತ್ತಿ ಕೂರ್ತದೆ. ಹೆದರಿದ ನಾಯಿ ಮೈಯನ್ನೂ ಬಿಗಿ ಹಿಡಿದಿರ್ತದೆ."

"ಇನ್ನೊಂದು ತೆಗೆಯಿರಿ ಡಾಕ್ಟ್ರೇ!" ದೇವದಾಸ ಕೂಗಿಯೇ ಬಿಟ್ಟ.

ಈ ಸಲ ಸೂಜಿ ಕೊಟ್ಟು ಮಲಗಿಸಿ, ತೊಡೆ ಮಡಚಿ, ಮೂಳೆಯನ್ನು ಹೊರಕ್ಕೆ ಒತ್ತಿ ತೆಗೆದರು. ಕೀಲು ಹಳೆ ಕೊಡೆಯ ಹಿಡಿಯಂತೆ ಸಡಿಲವಾಗಿತ್ತು.

ಭಾವ ಎರಡೂ ಪ್ಲೇಟುಗಳನ್ನು ಬೆಳಕಿಗೆ ಹಿಡಿದರು. "ಇದೆಂಥ ಮೆಷಿನ್ ಮಾರಾಯ್ರೆ? ಕಾಲು ಹಿಡಿದ ಹಾಗೆ ಮಾತು ಬದಲಿಸುವುದಾ? ಮೂರನೆಯದು ತೆಗೆಯುವ."

ಮೂರನೆಯದು ಎಂತ ಹೇಳುತ್ತದೋ! ದೇವದಾಸನಿಗೆ ತಡೆಯಲಾಗಲಿಲ್ಲ.

"ಬೇಡ ಭಾವ, ಸಡಿಲವೇ! ಬೆಳಿಗ್ಗೆ ಏಳಲಿಕ್ಕೇ ಆಗುವುದಿಲ್ಲ ಅದಕ್ಕೆ. ಕಡಲ ಬದಿ ಓಡಿಸಿ ತಂದರೆ ರಾತ್ರಿ ಇಡೀ ನರಳ್ತದೆ. ನಿಮಗೆ ಬೇಸರ ಆಗ್ತದೆಂದು ಹೇಳಲಿಲ್ಲ."

ಅದರಲ್ಲಿ ಒಂದಕ್ಷರವೂ ನಿಜವಲ್ಲ.

ಭಾವ ಮೆಲ್ಲಗೆ ಕೇಳಿದರು, "ನರಳ್ತದಾ?"

"ಹೌದು ಭಾವ."

"ಆದರೂ ಓಡಿಸ್ತೀಯಾ?"

ಭಾವ ಏಪ್ರನ್ ಕಳಚಿ, ಮಂಪರಿನಲ್ಲಿದ್ದ ಟೈಗರನನ್ನು ಮಗುವಿನಂತೆ ಎತ್ತಿಕೊಂಡು ಜೀಪಿನ ಕಡೆ ನಡೆದರು. "ಮರಿಯ ವ್ಯಾಪಾರ ಹಾಳಾಗಲಿ. ಈ ಮೂಕಪ್ರಾಣಿಯನ್ನು ಇನ್ನು ನಿನ್ನ ಕೈಗೆ ಕೊಡುವುದಿಲ್ಲ."

"ಭಾವ, ನಾನು ಹೇಳಿದ್ದು ಸುಳ್ಳು!"

"ಸುಳ್ಳು ಈಗ ಹೇಳ್ತಿದ್ದೀ."

ಜೀಪು ಕಾರ್ಕಳದ ದಾರಿ ಹಿಡಿಯಿತು. ಡಾಕ್ಟರು ಕೈ ಒರಸಿಕೊಳ್ಳುತ್ತ, "ಕೀಲು ಸಡಿಲ ಇದ್ದದ್ದಕ್ಕೆಲ್ಲ ನೋವು ಇರ್ತದೆ ಅಂತಿಲ್ಲ. ಕೆಲವು ಸಾಯುವ ತನಕ ಓಡ್ತವೆ" ಎಂದರು. "ನಿಮ್ಮದು ನರಳುವುದು ಯಾಕೋ, ನನಗೆ ಗೊತ್ತಾಗಲಿಲ್ಲ."

ಬೇಬಿ ಪ್ಲೇಟುಗಳನ್ನು ಅವನ ಕೈಗೇ ಕೊಟ್ಟಳು. ಕಾಪುವಿನ ಬಸ್ಸು ತುಂಬಿತ್ತು. ಕಂಡಕ್ಟರ್ ಅವನ ಕಂಕುಳಲ್ಲಿದ್ದ ಪ್ಲೇಟುಗಳನ್ನು ನೋಡಿದ.

"ಎಂತ ಆಯ್ತು?"

"ಸೊಂಟ."

"ನಿಮ್ಮದಾ?"

ವಿವರಿಸುವ ತ್ರಾಣ ದೇವದಾಸನಲ್ಲಿರಲಿಲ್ಲ. ತಲೆಯಾಡಿಸಿದ. ಕಂಡಕ್ಟರ್ ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಪಕ್ಕದವರು ದಾರಿಯುದ್ದಕ್ಕೂ ಎಣ್ಣೆಗಳ ಹೆಸರು ಹೇಳಿದರು. ಕಾಪುವಿನಲ್ಲಿ ಇಬ್ಬರು ತೋಳು ಹಿಡಿದು ಇಳಿಸಿದಾಗ, ಅವರಿಗೆ ಬೇಸರವಾಗದಿರಲೆಂದು ಅವನು ನಾಲ್ಕು ಹೆಜ್ಜೆ ಕುಂಟಿದ. ಬಸ್ಸು ಮರೆಯಾದ ಮೇಲೂ, ಮನೆಯ ಕಡೆಗೆ ಕಾಲು ಏಳಲಿಲ್ಲ.